ಗರಗಸದ ಪಟ್ಟಿ ಸರಿಯುತ್ತಿದೆಯೇ?

ಸಹೋದರಿಯರೇ, ನಿಮ್ಮ ಪತಿಯೋ ಮಗನೋ ಮರಗೆಲಸದ ಬ್ಯಾಂಡ್‌ಸಾ ಯಂತ್ರದಲ್ಲಿ ದುಡಿಯುತ್ತಿದ್ದರೆ ಇದು ನಿಮಗೂ ತಿಳಿದಿರಲಿ. ನೀವೇ ದುಡಿಯುವವರಾದರೆ ಇನ್ನೂ ಒಳ್ಳೆಯದು. ಬೆರಳುಗಳ ಪ್ರಶ್ನೆಯಿದು.

ಮೇಲೊಂದು, ಕೆಳಗೊಂದು ಚಕ್ರ; ಅವೆರಡನ್ನು ಸುತ್ತಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಸಣ್ಣ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಚಕ್ರದ ನಡುವೆ ಓಡಬೇಕು. (ಮರದ ಮಿಲ್ಲುಗಳ ಅಗಲ ಪಟ್ಟಿಯ ಲೆಕ್ಕವೇ ಬೇರೆ.) ಅದು ಅಂಚಿಗೆ ಸರಿದರೆ ಕೆಲವರು ಗೈಡುಗಳನ್ನು ಒತ್ತಿ ಹಿಡಿಸುತ್ತಾರೆ. ಇದು ಸರಿಯಲ್ಲ. ಗೈಡು ಕೊಯ್ಯುವಾಗ ಆಸರೆಯಷ್ಟೇ; ಪಟ್ಟಿಯ ದಾರಿ ನಿರ್ಧಾರವಾಗುವುದು ಮೇಲಿನ ಚಕ್ರದ ಓರೆಯಿಂದ.

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತುಬಿಡಿ. ಗೈಡುಗಳನ್ನು ದೂರ ಸರಿಸಿ. ಪಟ್ಟಿಯನ್ನು ಮೊದಲೇ ಬಿಗಿಗೊಳಿಸಿ, ಏಕೆಂದರೆ ಬಿಗಿತ ಬದಲಾದರೆ ಪಟ್ಟಿಯ ದಾರಿಯೂ ಬದಲಾಗುತ್ತದೆ. ಹಲ್ಲಿಗೆ ಕೈ ತಾಗದಂತೆ ಮೇಲಿನ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ, ಹಿಂಬದಿಯ ಓರೆ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ. ಹಲವು ಸುತ್ತು ಪಟ್ಟಿ ನಡುವೆಯೇ ನಿಂತರೆ ಸರಿಯಾಯಿತು. ಆಮೇಲೆ ಪಕ್ಕದ ಗೈಡುಗಳನ್ನು ಕಾಗದದ ದಪ್ಪದಷ್ಟು ಅಂತರದಲ್ಲಿ ಕೂರಿಸಿ.

ಮತ್ತೂ ಸರಿಯುತ್ತಿದೆಯೇ? ಚಕ್ರದ ರಬ್ಬರು ಸವೆದಿರಬಹುದು. ಇಲ್ಲವೇ ಎರಡು ಚಕ್ರಗಳು ಒಂದೇ ನೇರದಲ್ಲಿಲ್ಲದಿರಬಹುದು. ಉದ್ದದ ನೇರ ಪಟ್ಟಿ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ಮೆಕ್ಯಾನಿಕ್ಕನ್ನು ಕರೆಸಿ. ಆರ್ಡರಿನ ಗಡುವು ಮೀರಿದರೆ ಮೀರಲಿ. ಯಂತ್ರದ ಬಾಗಿಲುಗಳನ್ನು ಮುಚ್ಚದೆ ಕರೆಂಟು ಕೊಡಲು ಮಾತ್ರ ಬಿಡಬೇಡಿ.