ಹೊಸ ವಿದ್ಯಾರ್ಥಿಯ ಕೈಹಿಡಿಯುವವರಾರು?

ಮುಂಗಾರು ಮೊದಲಾದ ಮೇಲೆ ಬಂಟವಾಳದ ಬಿ.ಸಿ. ರೋಡಿನಲ್ಲಿ, ಬೆಳ್ತಂಗಡಿಯ ಬಸ್ ನಿಲ್ದಾಣದಲ್ಲಿ, ಮೂಡಬಿದಿರೆಯ ಪೇಟೆಯಲ್ಲಿ ಪ್ರತಿವರ್ಷವೂ ಒಂದು ಹೊಸ ಗುಂಪು ಕಾಣಿಸಿಕೊಳ್ಳುತ್ತದೆ. ಕೈಯಲ್ಲಿ ಕೊಡೆ, ಬೆನ್ನಿಗೆ ಹೊಸ ಚೀಲ, ಮುಖದಲ್ಲಿ ಅರ್ಧ ಉತ್ಸಾಹ, ಅರ್ಧ ಅಂಜಿಕೆ. ಇವರು ಪದವಿ ತರಗತಿಗಳಿಗೆ ಹೊಸತಾಗಿ ಸೇರಿದ ನಮ್ಮ ಮಕ್ಕಳು. ಪಿ.ಯು. ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ರಾಜ್ಯದ ಮುಂಚೂಣಿಯಲ್ಲಿರುವುದನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಪತ್ರಿಕೆಗಳೂ ಅದನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತವೆ. ಅದಾಗಿ ಆರು ತಿಂಗಳೊಳಗೆ, ಪದವಿಯ ಮೊದಲನೆಯ ಸೆಮಿಸ್ಟರು ಮುಗಿಯುವ ಹೊತ್ತಿಗೆ, ಅದೇ ಮಕ್ಕಳಲ್ಲಿ ಕೆಲವರು ಹಿಂದಿನ ಬೆಂಚಿನಿಂದಲೂ ಮಾಯವಾಗಿರುವರೆಂಬುದನ್ನು ಮಾತ್ರ ಯಾರೂ ಅಚ್ಚುಹಾಕುವುದಿಲ್ಲ. ನಾವೂ ಹಾಕಿಲ್ಲ.

ಕೆಲವು ಸಮಯದ ಹಿಂದೆ ನಮ್ಮ ಮುದ್ರಣಾಲಯಕ್ಕೆ ಕಾಗದ ಮಡಚುವ ಕೆಲಸ ಕೇಳಿಕೊಂಡು ಒಬ್ಬ ಹುಡುಗನು ಬಂದನು. ಘಟ್ಟದ ತಪ್ಪಲಿನ ಊರು, ತಾಯಿ ಬೀಡಿ ಕಟ್ಟುವವಳು, ಪಿ.ಯು.ವಿನಲ್ಲಿ ಪ್ರಥಮ ದರ್ಜೆ. ಒಂದು ಕಾಲೇಜಿನಲ್ಲಿ ಬಿ.ಕಾಂ. ತರಗತಿಗೆ ಸೇರಿ ಮೂರು ತಿಂಗಳಲ್ಲಿ ಬಿಟ್ಟಿದ್ದನು. ಏಕೆ ಬಿಟ್ಟೆಯೆಂದು ಕೇಳಿದುದಕ್ಕೆ, "ಇಂಟರ್ನಲ್ ಅಂದರೆ ಪರೀಕ್ಷೆ ಎಂದು ನನಗೆ ಗೊತ್ತಿರಲಿಲ್ಲ" ಎಂದನು. ನೋಟೀಸು ಹಲಗೆಯ ಮೇಲಿತ್ತು, ಇಂಗ್ಲಿಷಿನಲ್ಲಿತ್ತು, ಆ ದಿನ ಅವನು ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸಕ್ಕೆ ಹೋಗಿದ್ದನು. ಮರುದಿನ ಅಧ್ಯಾಪಕರನ್ನು ಕೇಳಲು ಧೈರ್ಯವಾಗಲಿಲ್ಲ. ಅದರ ಮರುದಿನ ನಾಚಿಕೆಯಾಯಿತು. ವಾರ ಕಳೆದ ಮೇಲೆ ಬಸ್ಸಿನಿಂದಿಳಿದು ಕಾಲೇಜಿನ ಕಡೆಗೆ ಹೋಗುವುದನ್ನೇ ಬಿಟ್ಟನು. ಹುಡುಗನು ದಡ್ಡನಲ್ಲ. ನಮ್ಮ ಕಣ್ಣಿಗೆ ಬೀಳದ ಅಚ್ಚಿನ ತಪ್ಪುಗಳನ್ನು ಎರಡು ಸಲ ತೋರಿಸಿಕೊಟ್ಟಿದ್ದಾನೆ.

ಇವನನ್ನು ಕಾಲೇಜಿನಿಂದ ಹೊರಗೆ ಹಾಕಿದುದು ಬುದ್ಧಿಯ ಕೊರತೆಯಲ್ಲ, ಹಣದ ಕೊರತೆಯೂ ಅಲ್ಲ, "ಇದೇನು?" ಎಂದು ಅಂಜದೆ ಕೇಳುವುದಕ್ಕೆ ಒಬ್ಬ ಮನುಷ್ಯನಿಲ್ಲದೆ ಹೋದುದು. ಮೆಟ್ರಿಕ್ಯುಲೇಶನ್ನಿಗೇ ವಿದ್ಯಾಭ್ಯಾಸವನ್ನು ನಿಲ್ಲಿಸಿದ ನಾವು ಕಾಲೇಜುಗಳಿಗೆ ಬುದ್ಧಿ ಹೇಳಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಬಾಗಿಲ ಹೊರಗೆ ನಿಂತವನಿಗೆ ಬಾಗಿಲು ಎಷ್ಟು ಎತ್ತರವೆಂಬುದು ಒಳಗಿರುವವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದೇ ನಮ್ಮ ಸಮಾಧಾನ.

ಒಂದು ಕಾಲದಲ್ಲಿ ನಮ್ಮ ಮಕ್ಕಳಿಗೆ ಅಡ್ಡಿಯಾಗಿದ್ದುದು ದಾರಿಯ ದೂರ. ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಹೆಚ್ಚಿನ ಓದಿಗೆ ಮಂಗಳೂರನ್ನೇ ಸೇರಬೇಕಾಯಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಹುಟ್ಟಿದ ಮೇಲೂ ಅವು ಇದ್ದುದು ಮಂಗಳೂರಿನಲ್ಲಿಯೇ. ಮೂಡಬಿದಿರೆಗೆ ಮಹಾವೀರ ಕಾಲೇಜು 1965ರಲ್ಲಿಯೂ ಉಜಿರೆಗೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿಯೂ ಬಂದುವು. ಕೊಣಾಜೆಯ ಸ್ನಾತಕೋತ್ತರ ಕೇಂದ್ರವು 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಇಂದು ಪುಂಜಾಲಕಟ್ಟೆ, ವಾಮದಪದವುಗಳಂತಹ ಊರುಗಳಲ್ಲಿಯೂ ಸರಕಾರಿ ಪ್ರಥಮದರ್ಜೆ ಕಾಲೇಜುಗಳಿವೆ. 2021-22ರ ಅಖಿಲ ಭಾರತ ಸಮೀಕ್ಷೆಯ ಮೇರೆಗೆ ಉನ್ನತ ಶಿಕ್ಷಣದ ದಾಖಲೆಯ ಪ್ರಮಾಣವು ದೇಶದಲ್ಲಿ ನೂರಕ್ಕೆ 28, ಕರ್ನಾಟಕದಲ್ಲಿ 36. ಕಾಲೇಜು ಮನೆಯ ಬಾಗಿಲಿಗೆ ಬಂದಿತೆಂದೇ ಹೇಳಬೇಕು. ಆದರೆ ಮನೆಯಲ್ಲಿ ಅಜ್ಜನೂ ಓದಲಿಲ್ಲ, ಅಪ್ಪನೂ ಓದಲಿಲ್ಲ. ಹೀಗಿರುವಲ್ಲಿ ಕಾಲೇಜು ಅರ್ಧ ಮೈಲಿನಲ್ಲಿದ್ದರೂ ಅದು ಪರದೇಶವೇ.

ಮೊದಲನೆಯದಾಗಿ ಭಾಷೆಯ ಮಾತು. ನಮ್ಮ ಕಡೆಯ ಹುಡುಗನು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತಾನೆ. ಶಾಲೆಯಲ್ಲಿ ಕನ್ನಡವನ್ನು ಕಲಿಯುತ್ತಾನೆ. ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನೂ ಲೆಕ್ಕಪತ್ರವನ್ನೂ ಇಂಗ್ಲಿಷಿನಲ್ಲಿ ಎದುರಿಸುತ್ತಾನೆ. ಮೂರನೆಯ ಭಾಷೆಯಲ್ಲಿ ಯೋಚಿಸಬೇಕಾದವನ ಮೌನವನ್ನು ಮಂದಬುದ್ಧಿಯೆಂದು ಎಣಿಸುವುದು ಅನ್ಯಾಯ. ಇಂಗ್ಲಿಷ್ ಮಾಧ್ಯಮದ ತರಗತಿಯ ವಿದ್ಯಾರ್ಥಿಯೂ ಪರೀಕ್ಷೆಯನ್ನು ತನ್ನ ನಾಡಭಾಷೆಯಲ್ಲಿ ಬರೆಯುವುದಕ್ಕೆ ಅವಕಾಶ ಕೊಡಿರೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2023ರ ಏಪ್ರಿಲಿನಲ್ಲಿ ಎಲ್ಲ ವಿಶ್ವವಿದ್ಯಾನಿಲಯಗಳಿಗೂ ಸೂಚಿಸಿತು. ಈ ಸಂಗತಿಯನ್ನು ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲಿ ತಿಳಿಸಿದ ಕಾಲೇಜುಗಳು ಎಷ್ಟು? ಇಂಗ್ಲಿಷನ್ನು ಕಲಿಯಬಾರದೆಂದು ನಾವು ಹೇಳುವವರಲ್ಲ, ಕಲಿಯಲೇಬೇಕು. ಅದನ್ನು ಕಲಿಯುವ ವರೆಗೆ ವಿಷಯವು ಕಾದಿರಬೇಕೆಂಬುದು ಮಾತ್ರ ನಮಗೆ ಒಪ್ಪಿಗೆಯಿಲ್ಲ. ಮೊದಲ ಎಂಟು ವಾರ ದಿನಕ್ಕೊಂದು ತಾಸು, ಆಯಾ ವಿಷಯದ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಯಾವ ವಿದ್ಯಾಲಯದ ಗೌರವವೂ ಕುಂದಲಾರದು.

ಇನ್ನು ನಿಯಮಗಳ ಕಾಡು. ಮನೆಯಲ್ಲಿ ಅಕ್ಕನೋ ಅಣ್ಣನೋ ಪದವಿ ಓದಿದ್ದರೆ ದಾರಿ ತೋರಿಸುವರೆಂಬ ಭರವಸೆಯೂ ಈಗ ಇಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣನೀತಿಯಂತೆ ನಾಲ್ಕು ವರ್ಷಗಳ ಪದವಿಯ ಏರ್ಪಾಡು ಬಂತು. 2024-25ರಲ್ಲಿ ರಾಜ್ಯವು ಅದನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಅಕ್ಕನ ವಿಷಯಗಳು ತಂಗಿಗಿಲ್ಲ. ಅಣ್ಣನ ಅಂಕಗಳ ಲೆಕ್ಕ ತಮ್ಮನಿಗೆ ಹೊಂದುವುದಿಲ್ಲ. ಪ್ರವೇಶದಿಂದ ಪರೀಕ್ಷೆಯ ಶುಲ್ಕದ ವರೆಗೆ ಎಲ್ಲವೂ ಯು.ಯು.ಸಿ.ಎಂ.ಎಸ್. ಎಂಬ ಗಣಕ ವ್ಯವಸ್ಥೆಯ ಮೂಲಕವೇ ನಡೆಯಬೇಕು. ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಎಂಬ ಬೇರೊಂದು ಜಾಲತಾಣ. ಅದಕ್ಕೆ ನಾಡಕಚೇರಿಯ ಜಾತಿ-ಆದಾಯದ ಪ್ರಮಾಣಪತ್ರ, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ, ದಾಖಲೆಗಳ ಇ-ದೃಢೀಕರಣ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವೆಂದು ವಿದ್ಯಾಸಿರಿ ಯೋಜನೆ ಆರಂಭವಾಯಿತು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಪ್ರತ್ಯೇಕ ಸಹಾಯವುಂಟು. ತಾಯಿಯ ಗುರುತಿನ ಚೀಟಿ ಬೇಕು. ಬಂಟವಾಳ, ಬೆಳ್ತಂಗಡಿಗಳಲ್ಲಿ ಮಗಳ ಕಾಲೇಜಿನ ಫೀಯನ್ನು ಎಷ್ಟು ಸಾವಿರ ಬೀಡಿಯೆಂದು ಲೆಕ್ಕಹಾಕುವ ತಾಯಂದಿರು ಎಷ್ಟು ಮಂದಿ ಇಲ್ಲ! ಅವರ ಹೆಸರಿನಲ್ಲಿ ಮಂಜೂರಾಗಬೇಕಾದ ಹಣವು ಒಂದು ಕಾಗದ ತಪ್ಪಿದುದರಿಂದ, ಒಂದು ತಾರೀಕು ಮೀರಿದುದರಿಂದ ಬಾರದೆ ಹೋಗುವುದು ವಿಷಾದದ ಸಂಗತಿ.

ಕಾಲೇಜುಗಳು ಏನೂ ಮಾಡುತ್ತಿಲ್ಲವೆಂದು ನಾವು ಹೇಳುವುದಿಲ್ಲ. ಹೊಸಬರಿಗೆ ಸ್ವಾಗತ ಸಮಾರಂಭ ನಡೆಯುತ್ತದೆ. ದೀಪ ಬೆಳಗಿಸುತ್ತಾರೆ, ಅತಿಥಿಗಳಿಗೆ ಹಾರ ಹಾಕುತ್ತಾರೆ, ವಿವೇಕಾನಂದರ ಒಂದು ಮಾತಿನೊಡನೆ ಭಾಷಣ ಮುಗಿಯುತ್ತದೆ. ಅನುದಾನ ಆಯೋಗವು 2019ರಲ್ಲಿ 'ದೀಕ್ಷಾರಂಭ'ವೆಂಬ ಮಾರ್ಗದರ್ಶಿಯನ್ನು ಹೊರಡಿಸಿ, ಹೊಸ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೂ ಹಿರಿಯ ವಿದ್ಯಾರ್ಥಿಗಳಿಗೂ ಪರಿಚಯಿಸಿ ಬೆಸೆಯಬೇಕೆಂದು ವಿವರವಾಗಿಯೇ ಹೇಳಿದೆ. ಇಷ್ಟು ವಿದ್ಯಾರ್ಥಿಗಳಿಗೆ ಇಂತಹ ಅಧ್ಯಾಪಕನು ಮಾರ್ಗದರ್ಶಕನೆಂದು ಬರೆದಿಟ್ಟ ಪುಸ್ತಕವೂ ಹೆಚ್ಚಿನ ಕಾಲೇಜುಗಳಲ್ಲಿದೆ. ನ್ಯಾಕ್ ಸಮಿತಿಯವರು ಬರುವ ಮುನ್ನಾದಿನ ಆ ಪುಸ್ತಕವು ಹೇಗೆ ತುಂಬುತ್ತದೆಂಬುದನ್ನು ಬಲ್ಲವರು ಬಲ್ಲರು.

ತಪ್ಪನ್ನೆಲ್ಲ ಅಧ್ಯಾಪಕರ ಮೇಲೆ ಹೊರಿಸುವುದೂ ಸರಿಯಲ್ಲ. ಸರಕಾರಿ ಕಾಲೇಜುಗಳ ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು; ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೆ ಮೇಲ್ಪಟ್ಟುದು. ಸೇವೆಯನ್ನು ಖಾಯಂ ಮಾಡಿರೆಂದು ಅವರು 2023ರ ನವೆಂಬರಿನಲ್ಲಿ ಮುಷ್ಕರ ಹೂಡಿದಾಗ ತರಗತಿಗಳೇ ನಿಂತವು. ಮುಂದಿನ ವರ್ಷ ತಾನಿಲ್ಲಿರುವೆನೋ ಇಲ್ಲವೋ ಎಂದು ತಿಳಿಯದ ಗುರುವು ಮೂರು ವರ್ಷ ಶಿಷ್ಯನ ಕೈಹಿಡಿಯುವುದೆಂತು? ಅತಿಥಿಯೆಂದು ಕರೆದು ವರ್ಷಗಟ್ಟಲೆ ಅಂಗಳದಲ್ಲಿ ನಿಲ್ಲಿಸುವ ಈ ಪದ್ಧತಿಯನ್ನು ಸರಕಾರವು ಕೊನೆಗಾಣಿಸಲೇಬೇಕು. ಅದಾಗುವ ವರೆಗೆ ನಮ್ಮ ಮಕ್ಕಳು ಕಾಯುವಂತಿಲ್ಲ.

ಆದುದರಿಂದ ಕಾಸಿನ ಖರ್ಚಿಲ್ಲದ ಒಂದು ಸಲಹೆಯನ್ನು ನಾವು ಮುಂದಿಡುತ್ತೇವೆ. ಹೊಸಬರನ್ನು ಹಳಬರೊಡನೆ ತರಗತಿಯಂತೆ ಜೋಡಿಸದೆ, ಬಸ್ಸಿನ ದಾರಿಯಂತೆ ಜೋಡಿಸಿರಿ. ನಮ್ಮ ವಿದ್ಯಾರ್ಥಿಯ ನಿಜವಾದ ವಿದ್ಯಾರ್ಥಿನಿಲಯವು ಬಸ್ಸು. ನೆರಿಯ, ಶಿರ್ಲಾಲುಗಳಿಂದ ಬೆಳ್ತಂಗಡಿಗೆ, ಕೇರಳದ ಗಡಿಗೆ ತಾಗಿದ ಕನ್ಯಾನ, ಕರೋಪಾಡಿಗಳಿಂದ ವಿಟ್ಲಕ್ಕೆ, ಶಿರ್ತಾಡಿ, ನೆಲ್ಲಿಕಾರುಗಳಿಂದ ಮೂಡಬಿದಿರೆಗೆ ಬರುವ ಮಕ್ಕಳು ದಿನದಿನವೂ ಎಷ್ಟೋ ಹೊತ್ತನ್ನು ಅದರಲ್ಲಿ ಕಳೆಯುತ್ತಾರೆ. ಅದೇ ದಾರಿಯ ಮೂರನೆಯ ವರ್ಷದ ಒಬ್ಬನಿಗೋ ಒಬ್ಬಳಿಗೋ ನಾಲ್ಕೈದು ಹೊಸಬರ ಹೆಸರುಗಳನ್ನು ಕೊಟ್ಟರೆ ಸಾಕು. ಇಂಟರ್ನಲ್ ಎಂದರೇನು, ಗ್ರಂಥಾಲಯದ ಚೀಟಿ ಎಲ್ಲಿ ಸಿಗುತ್ತದೆ, ನೂರಕ್ಕೆ 75 ಹಾಜರಿ ತಪ್ಪಿದರೆ ಏನಾಗುತ್ತದೆ, ಯಾವ ಗುಮಾಸ್ತರನ್ನು ಯಾವ ಹೊತ್ತಿನಲ್ಲಿ ಕಾಣಬೇಕು: ಇವೆಲ್ಲವೂ ತುಳುವಿನಲ್ಲಿಯೇ, ನಿಂತುಕೊಂಡೇ, ಪಾಣೆಮಂಗಳೂರಿನ ಸೇತುವೆ ದಾಟುವುದರೊಳಗೆ ತಿಳಿದುಹೋಗುತ್ತವೆ. ಹೊಸಬನು ಎರಡು ದಿನ ಬಸ್ಸಿನಲ್ಲಿ ಕಾಣಿಸದಿದ್ದರೆ ಮೂರನೆಯ ದಿನ ಅದನ್ನು ಗಮನಿಸುವ ಒಂದು ಕಣ್ಣಿರುತ್ತದೆ. ನಮ್ಮ ಮುದ್ರಣಾಲಯದ ಹುಡುಗನಿಗೆ ಬೇಕಾಗಿದ್ದುದು ಇಷ್ಟೇ. ಹಿರಿಯರೆಂದರೆ ಕಾಡಿಸುವವರೆಂಬ ಭಯಕ್ಕೂ ಇದು ಮದ್ದಾದೀತು. ರ‍್ಯಾಗಿಂಗನ್ನು 2009ರ ನಿಯಮಾವಳಿಯು ಸರ್ವಥಾ ನಿಷೇಧಿಸಿದೆ. ದೂರು ಕೊಡುವುದಕ್ಕೆ 1800-180-5522 ಎಂಬ ಸಂಖ್ಯೆಯುಂಟು. ಅದನ್ನೂ ಮೊದಲ ದಿನವೇ ತಿಳಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಜೊತೆಯು ಅನುಕೂಲ ಮಾತ್ರವಲ್ಲ, ಅವಶ್ಯಕ. 2012ರ ಅಕ್ಟೋಬರ್ 9ರ ಸಂಜೆ ಉಜಿರೆಯ ಕಾಲೇಜಿನಿಂದ ಹೊರಟ ಪಿ.ಯು. ವಿದ್ಯಾರ್ಥಿನಿಯೊಬ್ಬಳು ಮನೆಯನ್ನು ಸೇರಲಿಲ್ಲವೆಂಬುದನ್ನು ಬೆಳ್ತಂಗಡಿ ತಾಲೂಕು ಮರೆತಿಲ್ಲ. ಆರೋಪಿಯು 2023ರಲ್ಲಿ ದೋಷಮುಕ್ತನಾದ ಮೇಲೆ, ಕೊಂದವರಾರೆಂಬ ಪ್ರಶ್ನೆಯು ಉತ್ತರವಿಲ್ಲದೆ ಉಳಿಯಿತು. ಬಸ್ಸಿನಿಂದಿಳಿದು ತೋಟದ ನಡುವಿನ ಒಂಟಿ ದಾರಿಯನ್ನು ಹಿಡಿಯುವ ಮಗಳ ತಂದೆತಾಯಿಗಳಿಗೆ ಮಳೆಗಾಲದ ಸಂಜೆಯ ಐದೂವರೆ ಗಂಟೆಯೆಂದರೇನೆಂದು ನಾವು ವರ್ಣಿಸಬೇಕಾಗಿಲ್ಲ. ಇದರ ಮೇಲೆ, ಬೇರೆ ಮತದ ಸಹಪಾಠಿಯ ಪಕ್ಕದಲ್ಲಿ ಕುಳಿತರೆಂದು ಮಕ್ಕಳನ್ನು ಬಸ್ಸಿನಿಂದಿಳಿಸಿ ವಿಚಾರಿಸುವ ಸ್ವಯಂಘೋಷಿತ ಕಾವಲುಗಾರರ ಕಾಟವೊಂದು. ಅವರು ಯಾವ ಮತದವರಾದರೇನು? ಒಂದೇ ಪುಸ್ತಕವನ್ನು ಹಂಚಿಕೊಂಡು ಓದುವ ಮಕ್ಕಳನ್ನು ಬೇರ್ಪಡಿಸುವವನು ದೇಶಭಕ್ತನೆಂದು ಕರೆಯಿಸಿಕೊಳ್ಳಲು ಅರ್ಹನಲ್ಲ. ಪೊಲೀಸರು ಇದನ್ನು ಹುಡುಗರ ಜಗಳವೆಂದು ತಳ್ಳಿಹಾಕದೆ ಕಾನೂನಿನಂತೆ ನಡೆದುಕೊಳ್ಳಬೇಕು.

ದೂರದ ಊರುಗಳಿಂದ ಬಂದು ಮೂಡಬಿದಿರೆಯ, ಉಜಿರೆಯ ವಿದ್ಯಾರ್ಥಿನಿಲಯಗಳಲ್ಲಿ ನಿಂತವರ ಕಷ್ಟವು ಬೇರೊಂದು ಬಗೆಯದು. ಆಳ್ವಾಸ್ ಸಂಸ್ಥೆಗಳಿಗೆ ಬಯಲುಸೀಮೆಯ ಜಿಲ್ಲೆಗಳಿಂದಲೂ ಈಶಾನ್ಯ ಭಾರತದಿಂದಲೂ ಮಕ್ಕಳು ಬರುತ್ತಾರೆ. ರೊಟ್ಟಿಯುಂಡು ಬೆಳೆದವನಿಗೆ ಕುಚ್ಚಲಕ್ಕಿಯ ಅನ್ನ; ಸುತ್ತಲೂ ಅರಿಯದ ತುಳು; ಬಿಡದೆ ಸುರಿಯುವ ಮಳೆ. ಮೊದಲ ತಿಂಗಳ ರಾತ್ರಿಗಳು ಇಂತಹವನಿಗೆ ಬಲು ದೀರ್ಘವಾಗಿರುತ್ತವೆ. 1940ರಲ್ಲಿ ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಸ್ಥಾಪಿಸಿದಾಗ ಬಡ ಮಕ್ಕಳಿಗೆ ದೊರೆತುದು ಅನ್ನ ವಸತಿಗಳಷ್ಟೇ ಅಲ್ಲ. ಕೆಲಸವನ್ನು ಹಂಚಿಕೊಂಡು ಒಟ್ಟಿಗೆ ಉಣ್ಣುವಲ್ಲಿ ಹೊಸಬನಿಗೆ ಹಳಬನು ತಾನಾಗಿಯೇ ಅಣ್ಣನಾಗುತ್ತಾನೆ. ಕೋಣೆಗೊಂದು ಬೀಗ, ಕೈಗೊಂದು ಮೊಬೈಲು ಇರುವ ಇಂದಿನ ನಿಲಯಗಳಲ್ಲಿ ಆ ಅಣ್ಣನನ್ನು ಪಾಲಕರು ಬೇಕೆಂದೇ ಏರ್ಪಡಿಸಬೇಕಾಗಿದೆ. ಮನಸ್ಸಿನ ಕ್ಲೇಶವು ಮಿತಿಮೀರಿದವರಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಂಸ್ಥೆಯು 14416ರಲ್ಲಿ ಕನ್ನಡದಲ್ಲಿಯೂ ಉತ್ತರ ಕೊಡುತ್ತದೆ; ಊಟದ ಕೋಣೆಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆಯಿಸುವುದಕ್ಕೆ ಯಾವ ಆಜ್ಞೆಯೂ ಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ನಾವು ಹೇಳುವುದು ಸ್ವಲ್ಪ. ಒಂದು ಕಿರುಪರೀಕ್ಷೆ ತಪ್ಪಿದರೆ ಕಾಲೇಜು ತಪ್ಪಿತೆಂದು ಎಣಿಸಬೇಡಿರಿ. ಮರುದಿನವೇ ಹೋಗಿ ಕೇಳಿರಿ, ಹರಕು ಇಂಗ್ಲಿಷಿನಲ್ಲಾದರೂ ನೇರ ಕನ್ನಡದಲ್ಲಾದರೂ. ತಂದೆತಾಯಿಗಳಲ್ಲಿ ಒಂದೇ ಬಿನ್ನಹ: ಅಡಿಕೆಗೆ ಮದ್ದು ಬಿಡುವ ದಿನ, ಭೂತದ ಕೋಲದ ದಿನ, ನಂಟರ ಮದುವೆಯ ದಿನ ಮಗನನ್ನು ನಿಲ್ಲಿಸಿಕೊಳ್ಳುವ ಮುಂಚೆ, ಆ ದಿನ ಕಾಲೇಜಿನಲ್ಲಿ ಏನಿದೆಯೆಂದು ಅವನನ್ನು ಒಂದು ಮಾತು ಕೇಳಿರಿ.

ಕೊನೆಯದಾಗಿ ಬಸ್ಸಿನವರ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣವು ಉಚಿತವಾಯಿತು. ಆದರೆ ಖಾಸಗಿ ಬಸ್ಸೇ ಗತಿಯಾದ ಊರುಗಳ ಮಗಳಿಗೆ ಅದರಿಂದ ಲಾಭವಿಲ್ಲ. ಮೊದಲ ತರಗತಿಯು ಆರಂಭವಾದ ಮೇಲೆ ಬಂದು ತಲಪುವ ಬಸ್ಸು, ಕೊನೆಯ ತರಗತಿಯು ಮುಗಿಯುವ ಮುಂಚೆ ಹೊರಡುವ ಬಸ್ಸು, ಇವೆರಡರ ನಡುವೆ ಎಷ್ಟೋ ಮಕ್ಕಳ ಹಾಜರಿಯು ಕರಗಿಹೋಗುತ್ತಿದೆ. ಬಿ.ಸಿ. ರೋಡು ಮತ್ತು ಧರ್ಮಸ್ಥಳ ಘಟಕಗಳ ವ್ಯವಸ್ಥಾಪಕರೂ ಖಾಸಗಿ ಬಸ್ಸುಗಳ ಮಾಲಕರೂ ತಮ್ಮ ದಾರಿಯ ಕಾಲೇಜುಗಳಿಂದ ಈ ವರ್ಷದ ವೇಳಾಪಟ್ಟಿಯನ್ನು ತರಿಸಿಕೊಂಡು ನೋಡಲಿ. ಹದಿನೈದು ನಿಮಿಷ ಹಿಂದೆಮುಂದೆ ಮಾಡಿದರೆ ಸಾಕಾಗುವ ಕಡೆಗಳು ಎಷ್ಟೋ ಇವೆ. ಪ್ರಾಂಶುಪಾಲರುಗಳು ಆ ಪಟ್ಟಿಯನ್ನು ಕೇಳುವ ಮುಂಚೆಯೇ ಕಳುಹಿಸಿಕೊಡಲಿ.