ಜಾರುವ ಆಟಕ್ಕೆ ಸುಪ್ರಾ ಸೈಯೇ?

ಕಾರು ಓಟದಲ್ಲಿ ಮೊದಲು ಗುರಿ ಮುಟ್ಟಿದವರು ಗೆಲ್ಲುತ್ತಾರೆ. ಡ್ರಿಫ್ಟಿಂಗ್‌ನಲ್ಲಿ ಹಾಗಲ್ಲ. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಕಾರನ್ನು ಅಡ್ಡಡ್ಡ ಸಾಗಿಸಬೇಕು. ಜಾರಿದ ಕೋನ, ಹಿಡಿದ ದಾರಿ, ಶೈಲಿ ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ.

ಜಪಾನಿನ ಗುಡ್ಡದ ರಸ್ತೆಗಳಲ್ಲಿ ಬೆಳೆದ ಈ ಆಟಕ್ಕೆ 1993ರ ಟೊಯೋಟಾ ಸುಪ್ರಾ ಒಗ್ಗೀತೆ? ವೇಗದ ದೂರ ಪ್ರಯಾಣಕ್ಕೆ ಹೇಳಿಸಿದ ಕಾರು ಅದು. ಅನುಕೂಲಗಳು ಎರಡು: ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ, ಟರ್ಬೊ ಮಾದರಿಯ 3 ಲೀಟರ್, ಆರು ಸಿಲಿಂಡರ್ ಎಂಜಿನ್ನಿನ ಕಬ್ಬಿಣದ ಬ್ಲಾಕ್ ದುಪ್ಪಟ್ಟು ಶಕ್ತಿಯನ್ನೂ ತಾಳಬಲ್ಲದು.

ತೊಡಕು ತೂಕದ್ದು. ಸುಪ್ರಾ ಸುಮಾರು 1,500 ಕಿಲೊ. ಡ್ರಿಫ್ಟಿಂಗ್‌ಗೆ ಹೆಸರಾದ ಟೊಯೋಟಾ ಎಇ86 ಸಾವಿರದೊಳಗೆ. ಭಾರ ಹೆಚ್ಚಿದಷ್ಟೂ ಜಡತ್ವ ಹೆಚ್ಚು. ಒಮ್ಮೆ ಜಾರತೊಡಗಿದರೆ ಸರಾಗ, ಎಡದಿಂದ ಬಲಕ್ಕೆ ಹೊರಳಿಸುವುದೇ ಕಷ್ಟ. ಟೈರುಗಳೂ ಬೇಗ ಸವೆಯುತ್ತವೆ. ಸುಪ್ರಾದ ಎಂಜಿನ್ ಮಾತ್ರ ತೆಗೆದು ಹಗುರ ಕಾರಿಗೆ ಜೋಡಿಸುವ ಸ್ಪರ್ಧಿಗಳೂ ಇದ್ದಾರೆ.

ಆ ಮಾದರಿಯ ತಯಾರಿಕೆ 2002ರಲ್ಲೇ ನಿಂತಿದೆ. ಸೀಟು ಕಿತ್ತು, ಉಕ್ಕಿನ ಪಂಜರ ಕೂಡಿಸಿದರೆ ಸ್ಪರ್ಧೆಗೇನೋ ಇಳಿಯಬಹುದು. ಮೂಲ ಸುಪ್ರಾ ಮಾತ್ರ ಮರಳಿ ಬಾರದು.

ಕಲಿಯುವವರಿಗೆ ಹಗುರ ಕಾರೇ ಮೇಲು. ಅದೂ ಟ್ರ್ಯಾಕ್‌ನಲ್ಲಿ, ಹೆಲ್ಮೆಟ್ ಧರಿಸಿ. ಬೀದಿಯಲ್ಲಿ ಜಾರಿಸಿದರೆ ಅಂಕ ಕೊಡುವವರಿಲ್ಲ, ಸಿಗುವುದು ಅಪಘಾತವೇ.