ಶಿಶು ಆಹಾರದಲ್ಲಿ ಸಕ್ಕರೆ ಬೆರೆಸುವುದನ್ನು ನಿಷೇಧಿಸುವಂತೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ,
ನವದೆಹಲಿ.

ಇವರಿಂದ,
ಮಂಡ್ಯ ಜಿಲ್ಲೆಯ ತಾಯಂದಿರು, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ನಾಗರಿಕರು.

ವಿಷಯ: 2020ರ ಶಿಶು ಪೋಷಣಾ ಆಹಾರ ನಿಯಮಗಳಲ್ಲಿ ಸಕ್ಕರೆಗೆ ನೀಡಿರುವ ವಿನಾಯಿತಿಯನ್ನು ರದ್ದುಪಡಿಸುವ ಬಗ್ಗೆ.

ಮಾನ್ಯರೇ,

ಕಬ್ಬು ಬೆಳೆಯುವ ಜಿಲ್ಲೆಯವರಾದ ನಮಗೆ ಸಕ್ಕರೆಯ ಮೇಲೆ ಹಗೆಯಿಲ್ಲ. ಹಲ್ಲು ಮೂಡುವ ಮೊದಲೇ ಅದು ಕೂಸಿನ ಬಾಯಿಗೆ ಸೇರುತ್ತಿರುವುದೇ ನಮ್ಮ ತಕರಾರು.

ಶಿಶು ಆಹಾರಕ್ಕೆ ಸುಕ್ರೋಸ್, ಫ್ರಕ್ಟೋಸ್ ಎಂಬ ಸಕ್ಕರೆಗಳನ್ನು ಬೆರೆಸಬಾರದೆಂದು ತಮ್ಮ ನಿಯಮವೇ ಹೇಳುತ್ತದೆ. ಆದರೆ ಕಾರ್ಬೋಹೈಡ್ರೇಟಿನ ಮೂಲವಾಗಿ ಅಗತ್ಯವಿದ್ದರೆ, ಒಟ್ಟು ಕಾರ್ಬೋಹೈಡ್ರೇಟಿನ ಶೇ. 20ರವರೆಗೆ ಬೆರೆಸಲು ಅದೇ ನಿಯಮ ಅವಕಾಶ ಕೊಡುತ್ತದೆ. ಹೀಗೆ ಒಂದು ಕೈಯಲ್ಲಿ ಹಾಕಿದ ನಿಷೇಧವನ್ನು ಇನ್ನೊಂದು ಕೈ ಸಡಿಲಿಸಿದೆ.

ಇದರ ಫಲ ಏನೆಂಬುದು 2024ರ ಏಪ್ರಿಲ್‌ನಲ್ಲಿ ಬಯಲಾಯಿತು. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆಯು ಐಬಿಫ್ಯಾನ್ (ಅಂತರರಾಷ್ಟ್ರೀಯ ಶಿಶು ಆಹಾರ ಕ್ರಿಯಾ ಜಾಲ) ಜೊತೆಗೂಡಿ ಹೊರತಂದ ವರದಿಯ ಪ್ರಕಾರ, ಭಾರತದಲ್ಲಿ ಮಾರುವ ನೆಸ್ಲೆ ಕಂಪನಿಯ ಸೆರೆಲ್ಯಾಕ್ ಶಿಶು ಆಹಾರದಲ್ಲಿ ಒಂದು ಸಲದ ಉಣಿಸಿಗೆ ಸರಾಸರಿ 2.7 ಗ್ರಾಂ ಸಕ್ಕರೆ ಬೆರೆತಿತ್ತು. ಜರ್ಮನಿ, ಬ್ರಿಟನ್‌ಗಳಲ್ಲಿ ಅದೇ ಬಗೆಯ ಆಹಾರದಲ್ಲಿ ಬೆರೆಸಿದ ಸಕ್ಕರೆ ಇರಲಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆಗಲೇ ತಮಗೆ ಪತ್ರ ಬರೆದು ಕ್ರಮ ಕೋರಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಂಪನಿಯು ಸಂಸ್ಕರಿತ ಸಕ್ಕರೆಯಿಲ್ಲದ ಬಗೆಗಳನ್ನು ಪ್ರಕಟಿಸಿತು. ಸಕ್ಕರೆಯಿಲ್ಲದೆ ತಯಾರಿಸಲು ಬರುವುದಾದರೆ ‘ಅಗತ್ಯವಿದ್ದರೆ’ ಎಂಬ ಷರತ್ತಿಗೆ ಆಧಾರವೆಲ್ಲಿ?

6ರಿಂದ 36 ತಿಂಗಳ ಮಕ್ಕಳಿಗಾಗಿ ಮಾರುವ ಆಹಾರದಲ್ಲಿ ಬೆರೆಸಿದ ಸಕ್ಕರೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2022ರಲ್ಲೇ ಹೇಳಿದೆ. ಎಳವೆಯಲ್ಲಿ ಹತ್ತಿದ ಸಿಹಿಯ ರುಚಿ ಬೇಗ ಬಿಡುವುದಿಲ್ಲ. ಹುಳುಕು ಹಲ್ಲು, ಬೊಜ್ಜು ಅದರ ಹಿಂದೆಯೇ ಬರುತ್ತವೆ. ಸಿಹಿಗೆ ಒಗ್ಗಿದ ಮಗು ಸಪ್ಪೆ ರಾಗಿ ಸರಿಯನ್ನು ಉಗುಳುತ್ತದೆ. ಆಗ ಡಬ್ಬಿಯ ಆಹಾರವೇ ಒಳ್ಳೆಯದೆಂದು ತಾಯಿ ನಂಬುತ್ತಾಳೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಶೇ. 20ರ ವಿನಾಯಿತಿಯನ್ನು ರದ್ದುಪಡಿಸಬೇಕು. ವೈದ್ಯರ ಸಲಹೆಯ ಮೇರೆಗೆ ಕೊಡುವ ವಿಶೇಷ ಚಿಕಿತ್ಸಾ ಆಹಾರಗಳಿಗೆ ಮಾತ್ರ ಪ್ರತ್ಯೇಕ ನಿಯಮವಿರಲಿ.

2. ಬೆಲ್ಲ, ಜೇನುತುಪ್ಪ, ಸಿರಪ್, ಹಣ್ಣಿನ ರಸದ ಸಾರ ಇವನ್ನೂ ಬೆರೆಸಿದ ಸಕ್ಕರೆಯೆಂದೇ ಲೆಕ್ಕಹಾಕಬೇಕು. ಇಲ್ಲವಾದರೆ ಸಕ್ಕರೆ ಹೆಸರು ಬದಲಿಸಿಕೊಂಡು ಒಳಬರುತ್ತದೆ.

3. ನಿಷೇಧ ಜಾರಿಯಾಗುವವರೆಗೆ, ಒಂದು ಉಣಿಸಿಗೆ ಎಷ್ಟು ಗ್ರಾಂ ಸಕ್ಕರೆ ಸೇರುತ್ತದೆಂದು ಡಬ್ಬಿಯ ಮುಂಭಾಗದಲ್ಲಿ ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಬೇಕು.

4. ಮಾರುಕಟ್ಟೆಯ ಮಾದರಿಗಳನ್ನು ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಬ್ರ್ಯಾಂಡ್‌ವಾರು ಪ್ರಕಟಿಸಬೇಕು.

5. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಪ್ರಚಾರವನ್ನು ನಿಷೇಧಿಸಿರುವ 1992ರ ಕಾಯ್ದೆಯನ್ನು ಆನ್‌ಲೈನ್ ಮಾರಾಟ ತಾಣಗಳಲ್ಲೂ ಸಾಮಾಜಿಕ ಜಾಲತಾಣಗಳಲ್ಲೂ ಕಟ್ಟುನಿಟ್ಟಾಗಿ ಜಾರಿಗೊಳಿಸಲು ಸಂಬಂಧಪಟ್ಟ ಸಚಿವಾಲಯಗಳಿಗೆ ಶಿಫಾರಸು ಮಾಡಬೇಕು.

6. ಅಂಗನವಾಡಿಗಳಿಂದ ಮನೆಗೆ ಕೊಡುವ ಆಹಾರಕ್ಕೂ ಇದೇ ಅಳತೆಗೋಲು ಇರಬೇಕು. ಕಂಪನಿಗೊಂದು ನಿಯಮ, ಸರ್ಕಾರಕ್ಕೊಂದು ನಿಯಮ ಸಲ್ಲದು.

ಜರ್ಮನಿಯ ಮಗುವಿಗೆ ಬೇಡವಾದದ್ದು ನಮ್ಮ ಮಗುವಿಗೂ ಬೇಡ. ತಾವು ಈ ಬೇಡಿಕೆಗಳನ್ನು ಪರಿಶೀಲಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿದಾರರು)
ಸ್ಥಳ: ಮಂಡ್ಯ